ಎಲೆ ಹಳದಿಯಾದಾಗ ಮೊಬೈಲಿನಲ್ಲಿ ಯಾರನ್ನು ಕೇಳಬೇಕು?

ಟೊಮೆಟೊ ನೆಟ್ಟು ತಿಂಗಳಾಗಿತ್ತು, ಎಲೆ ಹಳದಿಗೆ ತಿರುಗಿತು. ಮೊಬೈಲಿನಲ್ಲಿ ಇರುವ ದಾರಿಗಳನ್ನೆಲ್ಲ ಒಂದೇ ಗಿಡಕ್ಕೆ ಹಚ್ಚಿ ನೋಡೋಣ ಅನ್ನಿಸಿತು. ಎಸ್ಸೆಮ್ಮೆಸ್, ರೈತರ ಮೆಸೇಜ್ ಗ್ರೂಪು, ಫೋಟೊ ನೋಡಿ ರೋಗ ಹೇಳುವ ಆ್ಯಪ್, ಕೊನೆಗೆ ಸಾದಾ ಫೋನ್ ಕರೆ.

ಎಸ್ಸೆಮ್ಮೆಸ್ ಇದಕ್ಕೆ ಆಗಿಬರಲಿಲ್ಲ. ಇಂಗ್ಲಿಷಿನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲೂ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ‘ಕ್ಷೇ’ ಒಂದಕ್ಕೇ ನಾಲ್ಕು ಹೋಗುತ್ತದೆ! ಆದರೆ ಇಂಟರ್ನೆಟ್ ಇಲ್ಲದಿದ್ದರೂ ಬಂದು ಮುಟ್ಟುತ್ತದೆ. ಮಳೆಯ ಮುನ್ಸೂಚನೆಗೆ ಈಗಲೂ ನನಗೆ ಅದೇ ಬೇಕು.

ಗ್ರೂಪಿಗೆ ಫೋಟೊ ಹಾಕಿದೆ. ಹತ್ತು ನಿಮಿಷಕ್ಕೆ ಉತ್ತರಗಳ ರಾಶಿ. ‘ಯೂರಿಯಾ ಹಾಕಿ’ ಅಂದವರೇ ಜಾಸ್ತಿ. ಉತ್ತರ ಕೊಟ್ಟವರಲ್ಲಿ ಬೆಳೆ ಬೆಳೆದವರು ಯಾರು, ಔಷಧಿ ಮಾರುವವರು ಯಾರು ಅಂತ ಗೊತ್ತಾಗುವುದೇ ಇಲ್ಲ. ಮೇಲಾಗಿ ಅಲ್ಲಿ ಫೋಟೊ ಕುಗ್ಗಿ ಹೋಗುತ್ತದೆ, ಎಲೆಯ ನರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗಾಗುವುದಿಲ್ಲ, ಅದು ಗೊತ್ತಾಗಿದ್ದು ಆಮೇಲೆ.

ಆ್ಯಪ್ ಇನ್ನೂ ಮಜಾ. ಮಧ್ಯಾಹ್ನ ತೆಗೆದ ಫೋಟೊಗೆ ವೈರಸ್ ಅಂದಿತು. ಸಂಜೆ ಅದೇ ಗಿಡಕ್ಕೆ ಪೋಷಕಾಂಶದ ಕೊರತೆ ಅಂದಿತು. ಸಂಜೆ ಬೆಳಕಿನಲ್ಲಿ ಹಸಿರೆಲೆಯೂ ಹಳದಿಯಾಗಿಯೇ ಕಾಣುತ್ತದೆ, ಅಲ್ವಾ? ನೆರಳಿನಲ್ಲಿ, ಎಲೆಯ ಹಿಂದೆ ಬಿಳಿ ಹಾಳೆ ಹಿಡಿದು ತೆಗೆದ ಮೇಲೆ ಉತ್ತರ ಬದಲಾಗುವುದು ನಿಂತಿತು. ಆದರೆ ಯಾವ ಪೋಷಕಾಂಶ ಅಂತ ಅದಕ್ಕೂ ಹೇಳಲಾಗಲಿಲ್ಲ.

ಸಹಾಯವಾಣಿಗೆ ಕರೆ ಮಾಡಿದರೆ ಇಪ್ಪತ್ತು ನಿಮಿಷ ಸುಮ್ನೆ ಸಂಗೀತ ಕೇಳಿಸಿದರು. ಕೊನೆಗೆ ಒಬ್ಬ ಮೇಡಂ ಸಿಕ್ಕರು. ಉತ್ತರ ಹೇಳುವ ಬದಲು ಅವರೇ ಪ್ರಶ್ನೆ ಕೇಳಿದರು.

“ಹಳದಿ ಆಗಿರೋದು ಮೇಲಿನ ಎಲೆಯೋ, ಕೆಳಗಿನದೋ?”

ಫೋನ್ ಕಿವಿಗಿಟ್ಟುಕೊಂಡೇ ಹೊಲಕ್ಕೆ ಓಡಿದೆ. “ಮೇಲಿನ ಚಿಗುರು, ಮೇಡಂ.”

“ನರ ಹಸಿರಾಗಿದೆಯಾ?”

“ಹೌದು.”

“ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತೀರಿ?”

“ದಿನಾ.”

ಅಲ್ಲಿಗೆ ವಿಷಯ ಬಯಲಾಯಿತು. ಯೂರಿಯಾದಲ್ಲಿರುವುದು ಸಾರಜನಕ. ಅದು ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಎಳೆದು ಹೊಸ ಎಲೆಗೆ ಕೊಡುತ್ತದೆ, ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಕಬ್ಬಿಣ ಹಾಗೆ ಸುಲಭವಾಗಿ ಸಾಗುವುದಿಲ್ಲ, ಕೊರತೆಯಾದರೆ ಚಿಗುರೇ ಬಿಳಚುತ್ತದೆ. ಸದಾ ನೆನೆದ ಬೇರಿಗೆ ಗಾಳಿ ಸಾಲದೆ ಕಬ್ಬಿಣ ಹೀರಲು ಆಗುತ್ತಿರಲಿಲ್ಲ. ನೀರು ಕಡಿಮೆ ಮಾಡಿ, ಲೀಟರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಸಂಜೆ ಸಿಂಪಡಿಸಿ ಅಂದರು. ಎರಡು ವಾರದಲ್ಲಿ ಹೊಸ ಚಿಗುರು ಹಸಿರಾಗಿಯೇ ಬಂತು. ಗ್ರೂಪಿನ ಮಾತು ಕೇಳಿದ್ದರೆ ಯೂರಿಯಾ ದುಡ್ಡು ದಂಡ.

ಹಾಗಂತ ಗ್ರೂಪು ಬಿಟ್ಟಿಲ್ಲ. ಕಾಂಡ ಕತ್ತರಿಸುವ ಹುಳ ಹೊರಗೆ ಬರುವುದು ರಾತ್ರಿ, ಆ ಹೊತ್ತಿಗೆ ಸಹಾಯವಾಣಿ ಮಲಗಿರುತ್ತದೆ. ಟಾರ್ಚ್ ಹಿಡಿದು ಓಡಾಡುವಾಗ ‘ನಮ್ಮಲ್ಲೂ ಬಂದಿದೆ’ ಅಂತ ಹೇಳುವವರು ಗ್ರೂಪಿನವರೇ.