ಕೋಲಾರದ ಐಟಿಐನಲ್ಲಿ ಫ್ರಿಜ್-ಏಸಿ ಟ್ರೇಡ್: ಸೇರಬಹುದಾ?

ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷದ ಕೋರ್ಸು. ನಾನು ಓದಿದ್ದು ಕೋಲಾರದ ಒಂದು ಖಾಸಗಿ ಐಟಿಐನಲ್ಲಿ, ಹೆಸರು ಬೇಡ. ವರ್ಕ್‌ಶಾಪ್ ವಿಷಯದಲ್ಲಿ ಕಾಲೇಜಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ. ತಾಮ್ರದ ಪೈಪ್ ಕತ್ತರಿಸಿ ಫ್ಲೇರ್ ಮಾಡೋದು (ಅಂದ್ರೆ ಪೈಪಿನ ಬಾಯಿ ಅಗಲಿಸೋದು), ಬ್ರೇಜಿಂಗ್ ಅಂದ್ರೆ ಬೆಂಕೀಲಿ ಕಾಯಿಸಿ ಬೆಸುಗೆ ಹಾಕೋದು, ವ್ಯಾಕ್ಯೂಮ್ ಎಳೆದು (ಪೈಪಿನೊಳಗಿನ ಗಾಳಿ ತೆಗೆದು) ಗ್ಯಾಸ್ ತುಂಬೋದು, ಎಲ್ಲಾನೂ ನಮ್ಮ ಕೈಯಲ್ಲೇ ಮಾಡಿಸಿದರು. ಸೋಪಿನ ನೊರೆ ಹಚ್ಚಿ ಲೀಕ್ ಹುಡುಕುವಾಗ ಮೇಷ್ಟ್ರು, "ನಿಧಾನ ಕಣಮ್ಮ, ಗುಳ್ಳೆ ತಾನಾಗೇ ಬರ್ತದೆ" ಅನ್ನೋರು. ಹೆಣ್ಣುಮಕ್ಕಳು ಕಮ್ಮಿ ಇದ್ವಿ. ಆದ್ರೆ ನಮ್ಮನ್ನ ರೆಕಾರ್ಡ್ ಬರೆಯೋಕೆ ಮೂಲೆಗೆ ಕೂರಿಸಲಿಲ್ಲ, ಅದು ದೊಡ್ಡದು.

ಕೊರತೆ ಅಂದ್ರೆ, ಅಲ್ಲಿದ್ದ ಏಸಿಗಳೆಲ್ಲ ಹಳೇ ಆರ್-22 ಗ್ಯಾಸಿನವು. ಓಜೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದಡಿ ಅದನ್ನ ಹಂತಹಂತವಾಗಿ ಕೈಬಿಡ್ತಿದ್ದಾರೆ. ಈಗ ಅಂಗಡೀಲಿ ನೋಡಿ, ಆರ್-32 ಗ್ಯಾಸ್ ಹಾಕಿರೋ ಇನ್ವರ್ಟರ್ ಏಸಿಗಳೇ (ಬೇಕಾದಷ್ಟಕ್ಕೆ ಕಂಪ್ರೆಸರ್ ವೇಗ ಹೆಚ್ಚುಕಮ್ಮಿ ಮಾಡ್ಕೊಳ್ಳೋವು) ಜಾಸ್ತಿ. ಆರ್-32ಗೆ ಸ್ವಲ್ಪ ಬೆಂಕಿ ಹತ್ತೋ ಗುಣ ಇದೆ, ಬ್ರೇಜಿಂಗ್ ಟಾರ್ಚಿನ ಬೆಂಕಿ ಹಿಡಿಯೋ ಮುಂಚೆ ಗ್ಯಾಸ್ ಪೂರ್ತಿ ತೆಗೆದಿರಬೇಕು. ಆ ವೇಗ ನಿಯಂತ್ರಿಸೋ ಇನ್ವರ್ಟರ್ ಬೋರ್ಡನ್ನಂತೂ ಕಾಲೇಜಲ್ಲಿ ಬಿಚ್ಚಿ ತೋರಿಸಲೇ ಇಲ್ಲ, ಕೆಲಸಕ್ಕೆ ಸೇರಿದ ಮೇಲೆ ಕಲಿತೆ.

ಮನೆ ಮನೆಗೆ ಹೋಗಿ ಏಸಿ ರಿಪೇರಿ ಮಾಡೋದೊಂದೇ ದಾರಿ ಅನ್ಕೋಬೇಡಿ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿವೆ. ದೊಡ್ಡ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಅಮೋನಿಯಾದಿಂದ ತಂಪು ಮಾಡೋ ಪ್ಲಾಂಟ್ ನೋಡ್ಕೊಳ್ಳೋರು ಬೇಕು. ನಾನೀಗ ಹಾಲು ತಣಿಸೋ ಕೇಂದ್ರದಲ್ಲಿದ್ದೀನಿ. ಹಾಲು 4 ಡಿಗ್ರಿಗೆ ಇಳೀಬೇಕು. ಬೇಸಿಗೇಲಿ ಬಿಸಿಯನ್ನ ಹೊರಗೆ ಬಿಡೋ ಕಂಡೆನ್ಸರ್‌ಗೆ ಧೂಳು ಕೂತ್ರೆ ಇಳಿಯೋದೇ ಇಲ್ಲ, ಆಗ ಎಲ್ಲರೂ ನನ್ನ ಮುಖಾನೇ ನೋಡ್ತಾರೆ.

ಫೀಸ್ ಕಟ್ಟೋ ಮುಂಚೆ ವರ್ಕ್‌ಶಾಪ್ ಒಳಗೆ ಹೋಗಿ, ಇನ್ವರ್ಟರ್ ಏಸಿ ಇದೆಯಾ ಕಣ್ಣಾರೆ ನೋಡಿ. ಅಪ್ರೆಂಟಿಸ್‌ಗೆ, ಅಂದ್ರೆ ಕೆಲಸದ ಜಾಗದಲ್ಲೇ ಕಲಿಯೋ ತರಬೇತಿಗೆ, ಎಲ್ಲಿಗೆ ಕಳಿಸ್ತಾರೆ ಅಂತಾನೂ ಕೇಳಿ.