ಬಿಜಿವಿಗೆ (ಕೆಲಸಕ್ಕೆ ಸೇರಿಸಿಕೊಳ್ಳೋ ಮುಂಚಿನ ಹಿನ್ನೆಲೆ ಪರಿಶೀಲನೆಗೆ) ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರೆ ರಿಕ್ರೂಟರ್ ಕೈಗೆ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಸ್ವಂತವಾಗಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುವವರು ಯಾರೇ ಇರಲಿ, ರೇಟು ಮೇಲ್‌ನಲ್ಲಿ ಬರುವ ತನಕ ರಿಕ್ರೂಟರ್‌ಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಡಿ. ಈಗಿರುವ ಕ್ಲೈಂಟ್‌ನ ಫೋನ್ ನಂಬರ್ ಅಂತೂ ಕೊಡಲೇಬೇಡಿ. ನಾನು ಎರಡನ್ನೂ ಕೊಟ್ಟೆ. ತಿಂಗಳು ಮುಗಿಯೋದರೊಳಗೆ ಇದ್ದ ಕೆಲಸವೂ ಹೋಯಿತು, ಬರಬೇಕಿದ್ದದ್ದೂ ಬರಲಿಲ್ಲ. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಹದಿನಾಲ್ಕು ವರ್ಷ ಕಳೆದವಳು ಹೀಗೆ ಮೋಸ ಹೋದೆ ಅಂತ ಬರೆಯೋಕೆ ನಾಚಿಕೆ ಆಗುತ್ತೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರಿಗೆ ಹೀಗಾಗಬಾರದು.

2021ರ ಜೂನ್‌ನಲ್ಲಿ ಅಮ್ಮನ ಆರೋಗ್ಯದ ಕಾರಣಕ್ಕೆ ಬೆಂಗಳೂರಿನ ಕೆಲಸ ಬಿಟ್ಟು ಮೈಸೂರಿಗೆ ಬಂದೆ. ಆಮೇಲಿಂದ ಬೆಂಗಳೂರಿನ ಒಂದೇ ಕ್ಲೈಂಟ್‌ಗೆ ಮನೆಯಿಂದ ಕೆಲಸ. ತಿಂಗಳಿಗೆ 95,000ದ ಇನ್‌ವಾಯ್ಸ್ ಹಾಕುತ್ತಿದ್ದೆ. ಅವರು ಆದಾಯ ತೆರಿಗೆ ಕಾಯ್ದೆಯ 194ಜೆ ಪ್ರಕಾರ ಶೇ. 10 ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿತ ಮಾಡುವ ತೆರಿಗೆ) ಹಿಡಿದು ಖಾತೆಗೆ ಹಾಕೋರು, ಮೂರು ತಿಂಗಳಿಗೊಮ್ಮೆ ಆ ಕಡಿತದ ಪ್ರಮಾಣಪತ್ರ ಫಾರ್ಮ್ 16ಎ ಕೊಡೋರು. ವರ್ಷಕ್ಕೆ 20 ಲಕ್ಷದ ಒಳಗೇ ಇದ್ದದ್ದರಿಂದ ಜಿಎಸ್‌ಟಿ ನೋಂದಣಿ ಬೇಕಿರಲಿಲ್ಲ. ಒಂದು ರೂಪಾಯಿಯೂ ಲೆಕ್ಕದ ಹೊರಗಿರಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೊನೆಗೆ ನನ್ನನ್ನೇ ಸುಳ್ಳುಗಾತಿ ಥರ ನೋಡಿದರು.

2024ರ ಅಕ್ಟೋಬರ್ ಮೊದಲ ವಾರ ಒಬ್ಬ ರಿಕ್ರೂಟರ್‌ನ ಫೋನ್ ಬಂತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಒಂದು ದೊಡ್ಡ ಬ್ಯಾಂಕಿನ ಟೆಕ್ ಆಫೀಸು, ಆರು ತಿಂಗಳ ಕಾಂಟ್ರಾಕ್ಟ್, ತಿಂಗಳಿಗೆ ಒಂದೂವರೆ ಲಕ್ಷ, ವಾರಕ್ಕೆ ಎರಡು ದಿನ ಮಾತ್ರ ಆಫೀಸು. ನನ್ನ ಮಾತು ಕೇಳಿ "ದಾವಣಗೆರೆ ಕಡೆಯೋರಾ ಮೇಡಂ? ನಾವೂ ಅಲ್ಲಿಯವರೇ" ಅಂದ. ನಮ್ಮೂರಿನ ಹುಡುಗ ಅಂತ ಅಲ್ಲೇ ಅರ್ಧ ನಂಬಿದೆ. ಎರಡು ರೌಂಡ್ ಇಂಟರ್‌ವ್ಯೂ ಆಯಿತು. "ಸೆಲೆಕ್ಟ್ ಆಗಿದ್ದೀರಿ ಮೇಡಂ, ಬಿಜಿವಿ ಮುಗಿದ ತಕ್ಷಣ ಆಫರ್ ಮೇಲ್ ಬರುತ್ತೆ" ಅಂದ.

ಸಾಮಾನ್ಯವಾಗಿ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತು. ಷರತ್ತಿನ ಮೇಲಾದರೂ ಒಂದು ಆಫರ್ ಮೊದಲು ಬರುತ್ತೆ, ಆಮೇಲೆ ವೆರಿಫಿಕೇಶನ್ ಕಂಪನಿಯಿಂದಲೇ ಲಿಂಕ್ ಬರುತ್ತೆ, ಒಪ್ಪಿಗೆ ಫಾರ್ಮಿಗೆ ನಾವೇ ಸಹಿ ಮಾಡಿ ನಾವೇ ಅಪ್‌ಲೋಡ್ ಮಾಡ್ತೀವಿ. ಇವನು ಮಾತ್ರ "ಆ ಪೋರ್ಟಲ್ ಹಬ್ಬದ ಟೈಮಲ್ಲಿ ಕೈ ಕೊಡುತ್ತೆ ಮೇಡಂ, ನನಗೆ ವಾಟ್ಸ್ಆ್ಯಪ್ ಮಾಡಿ, ನಾನೇ ತುಂಬಿಬಿಡ್ತೀನಿ, ನಿಮಗ್ಯಾಕೆ ತೊಂದರೆ" ಅಂದ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅವತ್ತು ಆಯುಧಪೂಜೆ. ಲ್ಯಾಪ್‌ಟಾಪ್‌ಗೆ ಕುಂಕುಮ ಇಟ್ಟು, ಸೇವಂತಿಗೆ ಹೂವಿಟ್ಟಿದ್ದೆ. ಆ ಹೂವನ್ನು ಪಕ್ಕಕ್ಕೆ ಸರಿಸಿ ಕೂತು ಹನ್ನೊಂದು ಪಿಡಿಎಫ್ ಕಳಿಸಿದೆ. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡು, ಯುಎಎನ್ (ಪಿಎಫ್ ಸಂಖ್ಯೆ) ಸರ್ವಿಸ್ ಹಿಸ್ಟರಿ, ಎರಡು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಎಲ್ಲ. ಕ್ಲೈಂಟ್ ಮ್ಯಾನೇಜರ್ ನಂಬರ್ ಕೇಳಿದ, ಕೊಟ್ಟೆ. "ನಾನು ನೋಟಿಸ್ ಕೊಡೋ ತನಕ ದಯವಿಟ್ಟು ಫೋನ್ ಮಾಡಬೇಡಿ" ಅಂತ ಬರೆದೆ. "ಶ್ಯೂರ್ ಮೇಡಂ" ಅಂತ ಕೈಮುಗಿಯೋ ಚಿತ್ರ ಹಾಕಿದ. ಆ ಮೆಸೇಜ್ ಇನ್ನೂ ನನ್ನ ಫೋನಲ್ಲಿದೆ.

ಮುಂದಿನ ಬುಧವಾರ ನನ್ನ ಮ್ಯಾನೇಜರ್ ಫೋನ್ ಮಾಡಿದರು. "ಏನ್ರೀ, ಬಿಡ್ತಿದ್ದೀರಂತೆ? ಯಾರೋ ಫೋನ್ ಮಾಡಿ ನೀವು ನಮ್ಮ ಎಂಪ್ಲಾಯೀನಾ ಅಂತ ಕೇಳಿದ್ರು. ನಮ್ಮ ಎಚ್‌ಆರ್‌ಗೂ ಮಾಡಿದ್ದಾರೆ." ಎಚ್‌ಆರ್‌ನವರು ಆ ಹೆಸರಿನವರು ಇಲ್ಲಿ ಇಲ್ಲ ಅಂದಿದ್ದಾರೆ. ಇನ್ನೇನು ಹೇಳ್ತಾರೆ? ನನ್ನ ಹೆಸರಿರೋದು ಅಕೌಂಟ್ಸ್ ವಿಭಾಗದ ವೆಂಡರ್ ಪಟ್ಟಿಯಲ್ಲಿ! ನನಗೆ ಮಾತೇ ಹೊರಡಲಿಲ್ಲ.

ಇವನಿಗೆ ಫೋನ್ ಮಾಡಿದೆ. "ಸಿಸ್ಟಮ್ ರೆಡ್ ತೋರಿಸ್ತಿದೆ ಮೇಡಂ, ನನ್ನ ಕೈಲಿಲ್ಲ. 2021ರ ಮೇಲೆ ನಿಮಗೆ ಪಿಎಫ್ ಇಲ್ಲ, ಮೂರು ವರ್ಷ ಗ್ಯಾಪ್ ಅಂತ ಬರ್ತಿದೆ." ಗ್ಯಾಪ್ ಅಲ್ಲಪ್ಪಾ, ನಾನು ಇನ್‌ವಾಯ್ಸ್ ಮೇಲೆ ಕೆಲಸ ಮಾಡೋಳು, 16ಎ ಇದೆ, ತೆರಿಗೆ ಇಲಾಖೆಯ 26ಎಎಸ್ ದಾಖಲೆಯಲ್ಲಿ ಪ್ರತಿ ತಿಂಗಳ ದುಡ್ಡು ಕಾಣುತ್ತೆ ಅಂದೆ. "ಅದು ಎಂಪ್ಲಾಯ್ಮೆಂಟ್ ಪ್ರೂಫ್ ಅಲ್ಲ ಮೇಡಂ" ಅಂದ. ನಾನು ಎಂಪ್ಲಾಯೀ ಅಂತ ಯಾವಾಗ ಹೇಳಿದೆ? ಅದಕ್ಕೆ ಉತ್ತರ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನೇ ಫೋನ್ ಮಾಡಿ, ಗೊತ್ತಿರೋ ಒಂದು ಕನ್ಸಲ್ಟೆನ್ಸಿ ಇದೆ, 30,000 ಕೊಟ್ಟರೆ ಮೂರು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರು, ಪೇ ಸ್ಲಿಪ್ಪು ಎಲ್ಲ ಮಾಡಿಕೊಡ್ತಾರೆ, "ಎಲ್ಲರೂ ಮಾಡಿಸ್ತಾರೆ ಮೇಡಂ" ಅಂದ. ಮಾಡಿದ ಕೆಲಸಕ್ಕೆ ದಾಖಲೆ ಇಟ್ಟುಕೊಂಡು, ಮಾಡದ ಕೆಲಸದ ಸುಳ್ಳು ಕಾಗದ ಕೊಂಡುಕೊಳ್ಳಬೇಕಂತೆ. ಆಗೋದಿಲ್ಲ ಅಂದೆ.

ಮಾರನೇ ದಿನ ಸ್ವರವೇ ಬೇರೆ. "ಮೇಡಂ ಗುಡ್ ನ್ಯೂಸ್, ನಿಮಗೋಸ್ಕರ ಎಕ್ಸೆಪ್ಶನ್ ತಗೊಂಡಿದ್ದೀನಿ. ಆದ್ರೆ ರೇಟು ಒಂದು ಲಕ್ಷದ ಐದು ಸಾವಿರ. ನಿಮಗೀಗ 85,500 ಬರ್ತಿದೆ ಅಲ್ವಾ, ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಜಾಸ್ತಿ ಆಯ್ತಲ್ಲ."

85,500. ಈ ಸಂಖ್ಯೆಯನ್ನು ನಾನು ಯಾರಿಗೂ ಹೇಳಿರಲಿಲ್ಲ. 95,000ದಲ್ಲಿ ಟಿಡಿಎಸ್ ಕಳೆದು ನನ್ನ ಖಾತೆಗೆ ಬೀಳೋ ಮೊತ್ತ ಅದು, ಇದ್ದದ್ದು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ. ಬಿಜಿವಿಗೆ ಅಂತ ಕೊಟ್ಟ ಕಾಗದವನ್ನು ಇವನು ನನ್ನ ರೇಟು ಮುರಿಯೋಕೆ ಓದಿದ್ದಾನೆ. ಕೈ ನಡುಗಿತು. ಅದೂ ಟಿಡಿಎಸ್ ಕಳೆದ ಮೊತ್ತವನ್ನು ಟಿಡಿಎಸ್ ಕಳೆಯದ ಮೊತ್ತದ ಪಕ್ಕ ಇಟ್ಟು ಇಪ್ಪತ್ತು ಸಾವಿರ ಅಂತಾನೆ! ಅವನ ಒಂದು ಲಕ್ಷದ ಐದು ಸಾವಿರ ಕೈಗೆ ಬರುವಾಗ 94,500. ಒಂಬತ್ತು ಸಾವಿರ ಜಾಸ್ತಿ. ವಾರಕ್ಕೆ ಎರಡು ದಿನ ಮೈಸೂರು-ಬೆಂಗಳೂರು ಓಡಾಟ, ಉಳಿಯೋ ಖರ್ಚು ಕಳೆದರೆ ಏನು ಉಳಿಯುತ್ತೆ? ಒಂದೂವರೆ ಲಕ್ಷ ಅಂದಿದ್ದು ಏನಾಯ್ತು ಅಂದರೆ, "ಅದು ಅಪ್ ಟು ಮೇಡಂ" ಅಂದ. ಅಪ್ ಟು! ಅಷ್ಟು ಸಲ ಮಾತಾಡಿದಾಗ ಒಮ್ಮೆಯೂ ಆ ಪದ ಅವನ ಬಾಯಲ್ಲಿ ಬಂದಿರಲಿಲ್ಲ. ಬೇಡ ಅಂದೆ. "ನಿಮ್ಮಿಷ್ಟ" ಅಂದು ಇಟ್ಟ.

ವೆರಿಫಿಕೇಶನ್ ಕಂಪನಿಯ ನಂಬರ್ ಹುಡುಕಿ ಮಾತಾಡಿದೆ. ಅಲ್ಲಿದ್ದ ಹುಡುಗಿ ಸಮಾಧಾನವಾಗಿ ಹೇಳಿದಳು, ಸ್ವಂತ ಕೆಲಸ ಮಾಡುವವರಿಗೆ ಅವರಲ್ಲಿ ಬೇರೆ ಚೆಕ್ ಇದೆಯಂತೆ. ಇನ್‌ವಾಯ್ಸ್, 16ಎ ಸಾಕು, ಕೇಳೋದಿದ್ದರೆ ಅಕೌಂಟ್ಸ್‌ನವರನ್ನೇ ಕೇಳ್ತಾರೆ. "ನಿಮ್ಮದು ಪರ್ಮನೆಂಟ್ ಎಂಪ್ಲಾಯ್ಮೆಂಟ್ ಅಂತ ತುಂಬಿ ಬಂದಿದೆ ಮೇಡಂ, ಬಂದಿದ್ದನ್ನ ಚೆಕ್ ಮಾಡ್ತೀವಿ." ಫಾರ್ಮ್ ತುಂಬಿದವನು ಅವನು. ಗೊತ್ತಿಲ್ಲದೆ ಹಾಗೆ ತುಂಬಿದನೋ, ರೆಡ್ ಬರಲಿ, ರೇಟು ಇಳಿಸಬಹುದು ಅಂತ ತುಂಬಿದನೋ ನಾನು ಸಾಬೀತು ಮಾಡಲಾರೆ. ನನ್ನ ಮನಸ್ಸಿಗೆ ಮಾತ್ರ ಅನುಮಾನ ಉಳಿದಿಲ್ಲ.

ಹಳೇ ಕ್ಲೈಂಟ್‌ನ ಕಾಂಟ್ರಾಕ್ಟ್ ಅಕ್ಟೋಬರ್ ಕೊನೆಗೆ ರಿನ್ಯೂ ಆಗಬೇಕಿತ್ತು. "ಹೇಗೂ ಹೊರಟವರು ನೀವು, ಬೇರೆಯವರನ್ನ ನೋಡ್ಕೊಂಡಿದ್ದೀವಿ" ಅಂದರು. ಮೂರು ವರ್ಷದಲ್ಲಿ ಒಂದು ಡೆಲಿವರಿಯೂ ತಡ ಮಾಡಿದವಳಲ್ಲ ನಾನು. ಅವರ ಮೇಲೆ ಸಿಟ್ಟಿಲ್ಲ, ನನ್ನ ಬಾಯಿಂದ ಕೇಳಬೇಕಿದ್ದ ಸುದ್ದಿಯನ್ನು ಯಾರೋ ಹೇಳಿದರೆ ಯಾರಿಗೇ ಆದರೂ ಬೇಜಾರಾಗುತ್ತೆ.

ಕೈಮುಗಿದು ಕೇಳಿಕೊಳ್ತೀನಿ, ಇಷ್ಟು ಮಾಡಿ. ರೇಟು, ಅವಧಿ, ಟಿಡಿಎಸ್ ಮೊದಲಿನ ಮೊತ್ತ ಮೇಲ್‌ನಲ್ಲಿ ಬರಲಿ, ಆಮೇಲೆ ಕಾಗದ. ಕಾಗದ ವೆರಿಫಿಕೇಶನ್ ಕಂಪನಿಯ ಲಿಂಕಿಗೆ ಮಾತ್ರ, ಯಾರ ವಾಟ್ಸ್ಆ್ಯಪ್‌ಗೂ ಅಲ್ಲ. ಸ್ಟೇಟ್‌ಮೆಂಟ್ ಕೊಡಲೇಬೇಕಾದರೆ ಮೊತ್ತ ಮುಚ್ಚಿ ಕೊಡಿ, ದುಡ್ಡು ಯಾರಿಂದ ಬಂತು, ಯಾವ ದಿನ ಬಂತು ಅನ್ನೋದು ಕಂಡರೆ ಸಾಕು. ಆಧಾರ್ ಆದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಯುಐಡಿಎಐ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಫಾರ್ಮ್‌ನಲ್ಲಿ ನಿಮ್ಮನ್ನು ಏನಂತ ತುಂಬಿದ್ದಾರೆ, ಕಣ್ಣಾರೆ ನೋಡಿ.

ನನ್ನ ಕಾಗದ ಎಲ್ಲ ಅಳಿಸಿಹಾಕಿ ಅಂತ ಅವನಿಗೆ ಮೇಲ್ ಹಾಕಿದ್ದೆ. "ನಮ್ಮ ಡೇಟಾಬೇಸ್‌ನಲ್ಲಿ ಇರುತ್ತೆ ಮೇಡಂ, ಮುಂದೆ ಒಳ್ಳೆ ಅವಕಾಶ ಬಂದ್ರೆ ನಿಮಗೇ ಉಪಯೋಗ" ಅಂತ ಉತ್ತರ ಬಂತು. ಆಮೇಲೆ ಮೂರು ಮೇಲ್ ಹಾಕಿದ್ದೇನೆ, ಒಂದಕ್ಕೂ ಉತ್ತರ ಇಲ್ಲ. ಆ ಹನ್ನೊಂದು ಪಿಡಿಎಫ್ ಇವತ್ತು ಯಾರ್‍ಯಾರ ಫೋನಲ್ಲಿವೆಯೋ.