ಬೇಗ ಪ್ರೊ ಆಗುವುದೋ, ಕಾಲೇಜಿನಲ್ಲಿ ಆಡಿ ಹೋಗುವುದೋ?

ಮಗಳು ಗಾಲ್ಫ್ ಚೆನ್ನಾಗಿ ಆಡುತ್ತಾಳೆ, ಪಿಯುಸಿ ಮುಗಿಯುತ್ತಿದೆ. ಮುಂದೇನು? ಇಬ್ಬರು ಆಟಗಾರ್ತಿಯರನ್ನು ನೋಡಿ.

ಬೆಂಗಳೂರಿನ ಅದಿತಿ ಅಶೋಕ್ 2016ರ ಆರಂಭದಲ್ಲೇ ಪ್ರೊ, ಅಂದರೆ ಬಹುಮಾನದ ಹಣಕ್ಕೆ ಆಡುವ ವೃತ್ತಿಪರ ಆಟಗಾರ್ತಿ ಆದರು. ಆಗ ವಯಸ್ಸು ಬರೀ 17. ಅದೇ ವರ್ಷ ರಿಯೊ ಒಲಿಂಪಿಕ್ಸ್ ಆಡಿದರು, ಇಂಡಿಯನ್ ಓಪನ್ ಗೆದ್ದರು. ಏಳಿಗೆ ಎಷ್ಟು ಬೇಗ ಬಂತು ಅಲ್ವಾ? ಆದರೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿತು. ಆ ಬೆಳಿಗ್ಗೆ ಗಾಲ್ಫ್ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. 2023ರಲ್ಲಿ ಕೀನ್ಯಾದಲ್ಲಿ ಟೂರ್ನಿ ಗೆದ್ದರು. ಆಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ದಿನ 7 ಹೊಡೆತ ಮುಂದಿದ್ದೂ ಚಿನ್ನ ಕೈತಪ್ಪಿತು, ಬೆಳ್ಳಿ ಬಂತು. ನವೆಂಬರ್‌ನಲ್ಲಿ ಸ್ಪೇನ್‌ನಲ್ಲಿ ಮತ್ತೆ ಗೆದ್ದರು! ಈ ಗಟ್ಟಿತನ ನನಗೆ ಪದಕಕ್ಕಿಂತ ದೊಡ್ಡದು.

ಅಮೆರಿಕದ ರೋಸ್ ಝಾಂಗ್ ಮೊದಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಆಡಿದರು. 2022 ಮತ್ತು 2023ರಲ್ಲಿ ಅಲ್ಲಿನ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದರು. ಪ್ರೊ ಆದ ಮೊದಲ ಟೂರ್ನಿಯನ್ನೇ ಗೆದ್ದರು. ಓದು ಬಿಡಲಿಲ್ಲ.

ಖರ್ಚಿನ ವಿಷಯವೇ ದೊಡ್ಡ ವ್ಯತ್ಯಾಸ. ಪ್ರೊ ಆದರೆ ವಿಮಾನ, ಹೋಟೆಲ್, ಕ್ಯಾಡಿ (ಆಟದ ಚೀಲ ಹೊರುವ ಸಹಾಯಕ) ಎಲ್ಲದರ ಖರ್ಚೂ ನಿಮ್ಮದೇ. ಸಾಮಾನ್ಯವಾಗಿ ಎರಡು ದಿನ ಆಡಿ ಕಟ್ ತಪ್ಪಿದರೆ, ಅಂದರೆ ಮುಂದಿನ ಸುತ್ತುಗಳಿಗೆ ಆಯ್ಕೆಯಾಗದಿದ್ದರೆ, ಬಹುಮಾನದ ಹಣವೂ ಇಲ್ಲ. ಅಮೆರಿಕದ ಇಂಥ ಕಾಲೇಜು ತಂಡದಲ್ಲಿ ಕೋಚ್, ಮೈದಾನ, ಪ್ರಯಾಣ ಕಾಲೇಜಿನದು. ಕೆಟ್ಟ ವಾರ ಬಂದರೆ ಜೊತೆಗೆ ಗೆಳತಿಯರಿರುತ್ತಾರೆ.

ದೊಡ್ಡವರ ಟೂರ್ನಿಗಳಲ್ಲಿ ಈಗಾಗಲೇ ಗೆಲ್ಲುತ್ತಿದ್ದರೆ ಅದಿತಿ ದಾರಿ ಹಿಡಿಯಲಿ. ಇಲ್ಲದಿದ್ದರೆ ನಾನಂತೂ ಕಾಲೇಜಿಗೇ ಕಳಿಸುತ್ತೇನೆ.